ಬದಲಿ ಸಿಕ್ಕಿದರೆ ಹೋಗಿ ಬನ್ನಿ, ಉಸ್ತಾದ್

ಪೆರ್ನಾಲ್ ದಿನ ಬೆಳಿಗ್ಗೆ ಮಿಂಬರ್ ಹತ್ತುವ ಮೊದಲೇ ನಮ್ಮ ಬ್ಯಾಗ್ ತಯಾರಾಗಿರುತ್ತದೆ. ಸುಬಹಿ ನಮಾಝ್ ಮುಗಿಸಿ ಬಟ್ಟೆ ಮಡಚಿ, ಮಕ್ಕಳಿಗೆ ತೆಗೆದಿಟ್ಟ ಸಾಮಾನು ಅಡಿಯಲ್ಲಿ ಹಾಕಿ, ಝಿಪ್ ಎಳೆದು ಕೋಣೆಯ ಬಾಗಿಲ ಹಿಂದೆ ಇಟ್ಟಿರುತ್ತೇವೆ. ನಂತರ ತಕ್ಬೀರ್, ನಮಾಝ್, ಖುತ್ಬಾ, ಆಲಿಂಗನ. ಆಮೇಲೆ ಮನೆ ಮನೆಯಿಂದ ಕರೆ. ಒಂದು ಮನೆಗೆ ಹೋಗಿ ಇನ್ನೊಂದು ಮನೆಗೆ ಹೋಗದೆ ಇದ್ದರೆ ಅದು ಆರು ತಿಂಗಳ ಮಾತಾಗುತ್ತದೆ. ಎಲ್ಲ ಕಡೆ ಒಂದೊಂದು ಹಿಡಿ ಬಿರಿಯಾನಿ ಬಾಯಿಗೆ ಹಾಕಿಕೊಂಡು ಹೊರಡುವಾಗ ಗಂಟೆ ಹನ್ನೆರಡು ದಾಟಿರುತ್ತದೆ. ಬಾಗೂರಿನಿಂದ ಚನ್ನರಾಯಪಟ್ಟಣ, ಅಲ್ಲಿಂದ ಹಾಸನ, ಸಕಲೇಶಪುರ, ಶಿರಾಡಿ ಇಳಿದು ಗುಂಡ್ಯ, ಆಮೇಲೆ ಉಪ್ಪಿನಂಗಡಿ. ಮನೆಯ ಅಂಗಳ ಮುಟ್ಟುವಾಗ ಇಶಾ ಬಾಂಗ್ ಆಗಿರುತ್ತದೆ. ಚಿಕ್ಕವಳು ಹೊಸ ಬಟ್ಟೆಯಲ್ಲೇ ಜಮಖಾನೆ ಮೇಲೆ ಮಲಗಿರುತ್ತಾಳೆ. ಎಬ್ಬಿಸಬೇಡಿ ಅಂತ ಹೆಂಡತಿ ಹೇಳುತ್ತಾಳೆ, ನಾವು ಎಬ್ಬಿಸುತ್ತೇವೆ.

ನಾವು ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಇಷ್ಟು ವರ್ಷಗಳಲ್ಲಿ ನಮ್ಮ ಮಕ್ಕಳ ಜೊತೆ ಪೆರ್ನಾಲ್ ನಮಾಝ್ ಮಾಡಿದ್ದು ಒಂದೇ ಸಲ. ಅದು 2020ರ ಲಾಕ್‌ಡೌನ್ ವರ್ಷ. ಮಸೀದಿಗಳಿಗೆ ಬೀಗ ಬಿದ್ದಿತ್ತು, ಮದ್ರಸ ಮುಚ್ಚಿತ್ತು, ನಾವು ಮಾರ್ಚ್‌ನಲ್ಲಿ ಊರಿಗೆ ಬಂದವರು ಹಿಂದೆ ಹೋಗಲಾಗದೆ ಉಳಿದೆವು. ಮೇ 24, ಭಾನುವಾರ. ಮನೆಯ ಚಾವಡಿಯಲ್ಲಿ ನಾವು ಮುಂದೆ, ಇಬ್ಬರು ಗಂಡುಮಕ್ಕಳು ಹಿಂದೆ, ಅವರ ಹಿಂದೆ ಹೆಣ್ಣುಮಕ್ಕಳು. ನಮ್ಮ ದೊಡ್ಡ ಮಗ ಆಗ ಹನ್ನೊಂದು ವರ್ಷದವ. ನಮಾಝ್ ಮುಗಿದ ಮೇಲೆ, "ನೀವು ಪಲ್ಲಿಯಲ್ಲೂ ಹೀಗೆ ಓದೋದಾ?" ಅಂತ ಕೇಳಿದ. ಅವನು ಅಷ್ಟು ವರ್ಷ ನಮ್ಮ ಹಿಂದೆ ಪೆರ್ನಾಲ್ ನಮಾಝ್‌ಗೆ ನಿಂತದ್ದೇ ಇಲ್ಲ ಎಂಬುದು ಆಗ ನಮಗೆ ಲೆಕ್ಕಕ್ಕೆ ಬಂತು.

ಇನ್ನೊಂದು ಕಥೆ ಇದೆ, ಘಟ್ಟದ ಮೇಲೆ ಕೆಲಸ ಮಾಡುವ ಉಸ್ತಾದರಿಗೆ ಮಾತ್ರ ಗೊತ್ತಿರುವಂಥದ್ದು. ಕರಾವಳಿಯವರು ಚಂದ್ರನನ್ನು ನೋಡುವುದು ಹೆಚ್ಚಾಗಿ ಕೇರಳದ ಜೊತೆ, ಘಟ್ಟದ ಮೇಲಿನವರು ಬೆಂಗಳೂರಿನ ಜೊತೆ. ಕೆಲವು ವರ್ಷ ಎರಡೂ ಒಂದೇ ದಿನ ಬರುತ್ತದೆ, ಕೆಲವು ವರ್ಷ ಬರುವುದಿಲ್ಲ. ಅದೇ 2020ರಲ್ಲಿ ನಮ್ಮ ಊರಲ್ಲಿ ಭಾನುವಾರ ಆದರೆ ಹಾಸನ ಕಡೆ ಸೋಮವಾರ. ಅಂಥ ವರ್ಷಗಳಲ್ಲಿ ನಾವು ಘಟ್ಟದ ಮೇಲೆ ಮೂವತ್ತನೇ ನೋಂಬಿನಲ್ಲಿ ಕೂತಿರುವಾಗ ಮನೆಯಿಂದ ವೀಡಿಯೊ ಕಾಲ್ ಬರುತ್ತದೆ. ಅಲ್ಲಿ ಬಿರಿಯಾನಿ, ಇಲ್ಲಿ ಅಸರ್. ಮರುದಿನ ಇಲ್ಲಿ ಪೆರ್ನಾಲ್ ಮುಗಿಸಿ ರಾತ್ರಿ ಊರು ಮುಟ್ಟಿದರೆ ಅಲ್ಲಿ ನೆಂಟರೆಲ್ಲ ಬಂದು ಹೋಗಿ ಆಗಿರುತ್ತದೆ.

ನಮ್ಮ ಕೆಲಸದ ರಜೆಯ ಬಗ್ಗೆ ಬರೆಯಿರಿ ಅಂತ ಜೊತೆಯ ಉಸ್ತಾದರು ಬಹಳ ಸಮಯದಿಂದ ಹೇಳುತ್ತಿದ್ದರು. ಸಂಬಳದ ಬಗ್ಗೆ ಎಲ್ಲರೂ ಬರೆಯುತ್ತಾರೆ. 1993ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ವಕ್ಫ್ ಮಂಡಳಿಗಳ ಆಡಳಿತಕ್ಕೆ ಬರುವ ಮಸೀದಿಗಳ ಇಮಾಮರಿಗೆ ಸಂಭಾವನೆ ಸಿಗಬೇಕು ಅಂತ ತೀರ್ಪು ಕೊಟ್ಟಿತು. 2025ರ ಮಾರ್ಚ್ ಬಜೆಟ್‌ನಲ್ಲಿ ನಮ್ಮ ರಾಜ್ಯ ಸರಕಾರ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000 ರೂಪಾಯಿಗೆ, ಮುಅಝ್ಝಿನರದ್ದನ್ನು 5,000ಕ್ಕೆ ಏರಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಹಣಕ್ಕೆ ಒಂದು ಅಂಕಿ ಇದೆ, ಕೇಳಬಹುದು, ಚೌಕಾಸಿ ಮಾಡಬಹುದು. ರಜೆ ಕೇಳಲು ನಮಗೆ ನಾಚಿಕೆ. ದೀನಿನ ಕೆಲಸ ಮಾಡುವವನು ದೀನಿನ ಕೆಲಸದಿಂದ ರಜೆ ಕೇಳುವುದು ಹೇಗೆ ಎಂಬ ನಾಚಿಕೆ. ಆ ನಾಚಿಕೆಯನ್ನು ನಮಗೆ ಯಾರೂ ಕಲಿಸಿಕೊಟ್ಟದ್ದಲ್ಲ, ಹಾಗಂತ ಯಾರೂ ಬಿಡಿಸಿದ್ದೂ ಇಲ್ಲ.

ಹೊರಗಿನಿಂದ ನೋಡಿದರೆ ಉಸ್ತಾದರಿಗೆ ಏನು ಕೆಲಸ ಅಂತ ಕಾಣುತ್ತದೆ. ಬೆಳಿಗ್ಗೆ ಎರಡು ಗಂಟೆ ಮದ್ರಸ, ಆಮೇಲೆ ಮಕ್ಕಳು ಶಾಲೆಗೆ ಹೋಗುತ್ತಾರೆ, ಉಸ್ತಾದ್ ಮಲಗುತ್ತಾರೆ. ಹಾಗೆ ಹೇಳುವವರು ಒಮ್ಮೆ ವಾರವನ್ನು ಬಿಡಿಸಿ ನೋಡಬೇಕು. ನಾವು ಕಲಿತದ್ದೂ ಮೊದಲು ಕಲಿಸಿದ್ದೂ ಸಮಸ್ತ ಬೋರ್ಡಿನ ಮದ್ರಸಗಳಲ್ಲಿ. 1951ರಲ್ಲಿ ಶುರುವಾದ ಆ ಬೋರ್ಡಿನ ಪದ್ಧತಿಯಲ್ಲಿ ವಾರದ ರಜೆ ಶುಕ್ರವಾರ, ದೊಡ್ಡ ರಜೆ ರಮಝಾನ್. ಕಾಗದದಲ್ಲಿ ಚೆನ್ನಾಗಿದೆ. ಆದರೆ ಸಣ್ಣ ಜಮಾಅತ್‌ಗಳಲ್ಲಿ ಮುಅಲ್ಲಿಮೂ ಅವನೇ, ಇಮಾಮೂ ಅವನೇ, ಖತೀಬೂ ಅವನೇ, ಎಷ್ಟೋ ಕಡೆ ಮುಕ್ರಿಯೂ ಅವನೇ. ಮುಅಲ್ಲಿಮಿಗೆ ಶುಕ್ರವಾರ ರಜೆ, ಖತೀಬನಿಗೆ ಅದೇ ದೊಡ್ಡ ಕೆಲಸದ ದಿನ. ಭಾನುವಾರ ಊರಿಗೆಲ್ಲ ರಜೆ, ಶಾಲೆ ಇಲ್ಲ, ಹಾಗಾಗಿ ಮದ್ರಸ ಇನ್ನೂ ಒಂದು ಗಂಟೆ ಜಾಸ್ತಿ. ರಮಝಾನ್‌ನಲ್ಲಿ ಮದ್ರಸಕ್ಕೆ ರಜೆ, ಮಸೀದಿಗೆ ಇಪ್ಪತ್ತು ರಕಅತ್ ತರಾವೀಹ್. ರಬೀಉಲ್ ಅವ್ವಲ್‌ನಲ್ಲಿ ಮಕ್ಕಳ ಮೀಲಾದ್ ಕಾರ್ಯಕ್ರಮ, ಒಂದು ತಿಂಗಳ ಮೊದಲಿಂದ ಹಾಡು, ಭಾಷಣ, ದಫ್. ಶಅಬಾನ್‌ನಲ್ಲಿ ಪರೀಕ್ಷೆ. ಇದರ ಮಧ್ಯೆ ಮಯ್ಯಿತ್ ಆದರೆ ಕುಳಿಪ್ಪಾಟದಿಂದ ತಲ್ಕೀನ್ ತನಕ. ಒಬ್ಬನ ಮೂರು ಕೆಲಸಗಳ ರಜೆಗಳು ಒಂದರ ಮೇಲೆ ಒಂದು ಬೀಳುವುದೇ ಇಲ್ಲ. ಒಂದರ ರಜೆಯ ಮೇಲೆ ಇನ್ನೊಂದರ ಕೆಲಸ ಬಂದು ಕೂತಿರುತ್ತದೆ.

ಮುಕ್ರಿಗಳ ವಿಷಯ ಇನ್ನೂ ಕಷ್ಟ. ದಿನಕ್ಕೆ ಐದು ಬಾಂಗ್, ವರ್ಷಕ್ಕೆ 1,825. ಬಾಂಗ್ ಅರ್ಧ ಗಂಟೆ ತಡ ಆದರೆ ಇಡೀ ಊರಿಗೆ ಗೊತ್ತಾಗುತ್ತದೆ, ಬೇರೆ ಯಾವ ಕೆಲಸದಲ್ಲಿ ಹೀಗಿದೆ ಹೇಳಿ? ನಾವು ಹಿಂದೆ ಇದ್ದ ಒಂದು ಕಡೆ ವಯಸ್ಸಾದ ಮುಕ್ರಿಕ್ಕ ಒಬ್ಬರಿದ್ದರು. ತಮ್ಮ ಮಗಳ ನಿಕಾಹ್‌ಗೆ ಲುಹರ್ ಬಾಂಗ್ ಕೊಟ್ಟು ಹೋಗಿ ಅಸರ್ ಬಾಂಗ್‌ಗೆ ವಾಪಸು ಬಂದವರು. ಯಾಕೆ ಅಂತ ಕೇಳಿದ್ದಕ್ಕೆ, "ಹಾಲ್ ಹತ್ತಿರವೇ ಇತ್ತಲ್ಲ" ಅಂದರು. ಅವರಿಗೆ ಅದು ದೂರು ಆಗಿರಲಿಲ್ಲ, ಹಾಲ್ ಹತ್ತಿರ ಸಿಕ್ಕಿದ್ದು ಅಲ್ಲಾಹನ ದಯೆ ಅಂತ ನಂಬಿದ್ದರು.

ಈಗ ನಮ್ಮದೇ ಒಂದು ವಿಷಯ. ಬರೆಯಬೇಕೋ ಬೇಡವೋ ಅಂತ ಎರಡು ಸಲ ಯೋಚಿಸಿ ಬರೆಯುತ್ತಿದ್ದೇವೆ. ಜಮಾಅತ್‌ನ ಹೆಸರು ಬೇಡ, ಮಲೆನಾಡಿನ ಒಂದು ಎಸ್ಟೇಟ್ ಊರು ಅಂತಿಟ್ಟುಕೊಳ್ಳಿ.

2018. ಆ ವರ್ಷ ಶಿರಾಡಿ ಘಾಟಿ ಕಾಂಕ್ರೀಟ್ ಕೆಲಸಕ್ಕೆ ಜನವರಿಯಿಂದ ಅರ್ಧ ವರ್ಷ ಮುಚ್ಚಿತ್ತು. ಜುಲೈಯಲ್ಲಿ ತೆರೆಯಿತು. ತೆರೆದು ಒಂದು ತಿಂಗಳಾಗಿತ್ತಷ್ಟೇ, ಆಗಸ್ಟ್ ಮಧ್ಯದ ಆ ಮಳೆಗೆ ಗುಡ್ಡ ಜರಿದು ಮತ್ತೆ ಮುಚ್ಚಿತು. ಕೊಡಗಿನಲ್ಲಿ ಊರುಗಳೇ ಜಾರಿದ ಮಳೆ ಅದು. ಆ ವಾರದ ಮಂಗಳವಾರ ಬೆಳಿಗ್ಗೆ ನಮ್ಮ ತಮ್ಮ ಫೋನ್ ಮಾಡಿ, ಉಮ್ಮನಿಗೆ ಒಂದು ಬದಿ ಎಳೆದ ಹಾಗೆ ಆಗಿದೆ, ಆಸ್ಪತ್ರೆಗೆ ಹಾಕಿದ್ದೇವೆ, ಡಾಕ್ಟರು ಎರಡು ದಿನ ನೋಡುವ ಅಂತ ಹೇಳಿದ್ದಾರೆ ಅಂದ. ಮದ್ರಸ ಬಿಟ್ಟ ಮೇಲೆ ಅಧ್ಯಕ್ಷರ ಹತ್ತಿರ ಹೋದೆವು. ಮರುದಿನ ಆಗಸ್ಟ್ ಹದಿನೈದು, ಮಕ್ಕಳ ಧ್ವಜಾರೋಹಣ. ಅದರ ಮರುದಿನ ಗುರುವಾರ, ನಂತರ ಜುಮಾ. ಮುಂದಿನ ಬುಧವಾರ ಬಕ್ರೀದ್. ಅಧ್ಯಕ್ಷರು ಕ್ಯಾಲೆಂಡರ್ ನೋಡಿದರು, ನಮ್ಮನ್ನು ನೋಡಿದರು. "ಬದಲಿ ಸಿಕ್ಕಿದರೆ ಹೋಗಿ ಬನ್ನಿ ಉಸ್ತಾದ್. ಇಲ್ಲಾಂದ್ರೆ ಪೆರ್ನಾಲ್ ಮುಗಿಸಿ ಒಂದು ನಾಲ್ಕು ದಿನ ಆರಾಮಲ್ಲಿ ಹೋಗಿ" ಅಂದರು.

ಬಕ್ರೀದ್ ವಾರದಲ್ಲಿ ಬದಲಿ ಸಿಗುವುದಿಲ್ಲ. ಎಲ್ಲ ಉಸ್ತಾದರೂ ತಮ್ಮ ತಮ್ಮ ಮಸೀದಿಗೆ ಕಟ್ಟಿಬಿದ್ದ ವಾರ ಅದು. ಏಳು ಜನರಿಗೆ ಫೋನ್ ಮಾಡಿದೆವು. ಒಬ್ಬರು ಒಪ್ಪಿದರು, ಗುರುವಾರದ ಹೊತ್ತಿಗೆ ಅವರು ಬರುವ ರಸ್ತೆಯೇ ಬಂದ್ ಆಯಿತು.

ಇಲ್ಲಿ ಒಂದು ಸತ್ಯ ಹೇಳಬೇಕು. ಅಧ್ಯಕ್ಷರ ಹತ್ತಿರ ನಾವು ಹೇಳಿದ್ದು "ಉಮ್ಮನಿಗೆ ಸ್ವಲ್ಪ ಹುಷಾರಿಲ್ಲ" ಅಂತ. ಒಂದು ಬದಿ ಬಿದ್ದಿದೆ ಅಂತ ಹೇಳಲಿಲ್ಲ. ಯಾಕೆಂದರೆ ಪೆರ್ನಾಲ್ ರಜೆ ಮುಗಿದು ಎರಡು ವಾರಕ್ಕೆ ಭಾವನ ಮನೆ ಒಕ್ಕಲಿಗೆ ಅಂತ ಮೂರು ದಿನ ಹೋಗಿದ್ದೆವು, ಆಗ ಕಮಿಟಿಯಲ್ಲಿ ಒಬ್ಬರು "ಉಸ್ತಾದರಿಗೆ ಊರಲ್ಲೇ ಡ್ಯೂಟಿಯಾ ಇಲ್ಲಿಯಾ" ಅಂತ ನಗುತ್ತಾ ಕೇಳಿದ್ದು ಮನಸ್ಸಲ್ಲಿತ್ತು. ದೊಡ್ಡ ಕಾರಣ ಹೇಳಿದರೆ ನೆಪ ಅಂತ ತಿಳಿಯುತ್ತಾರೋ ಎಂಬ ಭಯ. ಮನೆ ಒಕ್ಕಲಿಗೆ ಖರ್ಚು ಮಾಡಿದ ರಜೆ ಉಮ್ಮನಿಗೆ ಉಳಿಯಲಿಲ್ಲ. ಆ ಅಧ್ಯಕ್ಷರು ಕೆಟ್ಟವರೇನೂ ಅಲ್ಲ. ಅವರು ಎಸ್ಟೇಟಿನ ರೈಟರ್, ಅವರಿಗೂ ತೋಟದ ಮ್ಯಾನೇಜರ್ ಹತ್ತಿರ ಒಂದು ದಿನದ ರಜೆ ಕೇಳಲು ಒಂದು ವಾರ ಧೈರ್ಯ ಬೇಕು. ತಾನು ಪಡೆಯದ್ದನ್ನು ಬೇರೆಯವರಿಗೆ ಕೊಡುವುದು ಹೇಗೆ ಅಂತ ಅವರಿಗೂ ಗೊತ್ತಿರಲಿಲ್ಲವೋ ಏನೋ.

ಬಕ್ರೀದ್ ಖುತ್ಬಾ ಓದಿ, ಉಳುಹಿಯತ್ ಮುಗಿಸಿ ಮಧ್ಯಾಹ್ನ ಹೊರಟೆವು. ಶಿರಾಡಿ ಇಲ್ಲ, ರೈಲೂ ಇಲ್ಲ, ಹಳಿ ಮೇಲೂ ಗುಡ್ಡ ಬಿದ್ದಿತ್ತು. ಕೊಟ್ಟಿಗೆಹಾರಕ್ಕೆ ಹೋಗಿ ಒಂದು ಜೀಪಿನಲ್ಲಿ ಹನ್ನೆರಡು ಜನರ ಜೊತೆ ಚಾರ್ಮಾಡಿ ಇಳಿದೆವು. ಆಸ್ಪತ್ರೆ ಮುಟ್ಟುವಾಗ ರಾತ್ರಿ.

ನಮ್ಮ ಉಮ್ಮನಿಗೆ ಒಂದು ಅಭ್ಯಾಸ ಇತ್ತು. ನಾವು ರಜೆಯಲ್ಲಿ ಬಂದು ಮೆಟ್ಟಿಲು ಹತ್ತುವಾಗಲೇ ಕೇಳುತ್ತಿದ್ದರು, "ಎಂದು ಹೋಗೋದು?" ಅಂತ. ಬಂದೆಯಾ ಅಂತ ಕೇಳುತ್ತಿರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ನೀರು ಕೊಡೋದು, ಉಳಿದ ಮಾತು. ದಿನಗಳ ಲೆಕ್ಕ ಸಿಕ್ಕಿದರೆ ಅದಕ್ಕೆ ತಕ್ಕ ಹಾಗೆ ಅಡುಗೆ ಹಂಚುತ್ತಿದ್ದರು, ಇವತ್ತು ಪತ್ತಿರ್, ನಾಳೆ ಮೀನು, ಹೋಗುವ ದಿನ ಕೋಳಿ. ಆ ರಾತ್ರಿ ಅವರಿಗೆ ಮಾತು ನಿಂತು ಎಂಟು ದಿನ ಆಗಿತ್ತು. ನಮ್ಮನ್ನು ನೋಡಿದರು, ಸರಿ ಇದ್ದ ಕೈಯನ್ನು ಸ್ವಲ್ಪ ಎತ್ತಿ ಬೆರಳುಗಳನ್ನು ಬಿಡಿಸಿದರು. ನಮಗೆ ಅರ್ಥ ಆಗಲಿಲ್ಲ. ಪಕ್ಕದಲ್ಲಿದ್ದ ನಮ್ಮ ಹೆಂಡತಿ ಹೇಳಿದಳು, "ಎಷ್ಟು ದಿನ ಅಂತ ಕೇಳ್ತಾ ಇದ್ದಾರೆ." ನಾವು ನಾಲ್ಕು ಬೆರಳು ತೋರಿಸಿದೆವು.

ಮುಂದಿನ ತಿಂಗಳು ಅವರು ತೀರಿಕೊಂಡಾಗ ನಾವು ಮದ್ರಸದಲ್ಲಿ ಎರಡನೇ ಕ್ಲಾಸಿಗೆ ಪಾಠ ಹೇಳುತ್ತಿದ್ದೆವು. ಅಲ್ಲಾಹನು ಅವರ ಖಬರನ್ನು ವಿಶಾಲಗೊಳಿಸಲಿ. ಆ ದಿನ ಯಾರೂ ಬದಲಿ ಕೇಳಲಿಲ್ಲ. ಅಧ್ಯಕ್ಷರೇ ಕಾರು ಮಾಡಿ ಕಳಿಸಿದರು, ಬಾಡಿಗೆಯನ್ನೂ ಅವರೇ ಕೊಟ್ಟರು. ಮರಣಕ್ಕೆ ರಜೆ ತಕ್ಷಣ ಸಿಗುತ್ತದೆ. ಮರಣಕ್ಕೆ ಮೊದಲು ಸಿಗುವುದು ಕಷ್ಟ.

ಇದು ನಮ್ಮೊಬ್ಬರ ಕೆಲಸದ ತೊಂದರೆ ಅಂತ ಹೇಳುವುದಿಲ್ಲ. ಪೆರ್ನಾಲ್ ದಿನ ಈದ್ಗಾಹ್ ಗೇಟಿನ ಹತ್ತಿರ ಬಂದೋಬಸ್ತ್‌ಗೆ ನಿಂತ ಪೊಲೀಸರನ್ನು ನೋಡಿ. ನಮ್ಮ ಹಬ್ಬಕ್ಕೂ ಅವರಿಗೆ ರಜೆ ಇಲ್ಲ, ಅವರ ಹಬ್ಬಕ್ಕೂ ಇಲ್ಲ. 2016ರ ಜೂನ್ 4ರಂದು ರಾಜ್ಯದ ಪೊಲೀಸ್ ಸಿಬ್ಬಂದಿ ಸಾಮೂಹಿಕ ರಜೆ ಹಾಕುತ್ತೇವೆ ಅಂತ ಹೊರಟದ್ದು ನೆನಪಿರಬಹುದು. ಅವರ ದೂರುಗಳಲ್ಲಿ ಸಂಬಳದ ಜೊತೆಗೆ ರಜೆಯೂ ಇತ್ತು. ರಜೆ ಸಿಗುವುದಿಲ್ಲ ಎಂಬುದಕ್ಕೆ ರಜೆ ಹಾಕುವುದೇ ಮುಷ್ಕರ! ಸರಕಾರ ಎಸ್ಮಾ ಜಾರಿ ಮಾಡಿತು, ಮುಂದಾಳುವನ್ನು ಬಂಧಿಸಿತು, ಆ ದಿನ ಹೆಚ್ಚಿನವರು ಡ್ಯೂಟಿಗೆ ಬಂದರು. ಒಮ್ಮೆ ಹೀಗೆ ಗೇಟಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಒಬ್ಬರಿಗೆ ಪಾಯಸ ಕೊಡುತ್ತಾ ಮಾತಾಡಿದೆವು. "ನಿಮಗೆ ಯಾವಾಗ ರಜಾ ಸಾಬ್ರೆ?" ಅಂತ ಅವರೇ ನಮ್ಮನ್ನು ಕೇಳಿದರು. ಇಬ್ಬರೂ ನಕ್ಕೆವು, ಬೇರೇನು ಮಾಡುವುದು.

ಗಲ್ಫ್‌ನಲ್ಲಿರುವ ನಮ್ಮವರ ಕಥೆ ಈ ಪುಟದ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಸೌದಿಯ ಕಾರ್ಮಿಕ ಕಾನೂನಿನಲ್ಲಿ ವರ್ಷಕ್ಕೆ 21 ದಿನ, ಐದು ವರ್ಷ ಸೇವೆ ಆದ ಮೇಲೆ 30 ದಿನ ಸಂಬಳ ಸಹಿತ ರಜೆ ಬರೆದಿದೆ. ಆದರೆ ಬಖಾಲದಲ್ಲಿ ಕೂತ ನಮ್ಮ ಹುಡುಗ ಊರಿಗೆ ಬರುವುದು ಎರಡು ವರ್ಷಕ್ಕೊಮ್ಮೆ, ಕೆಲವೊಮ್ಮೆ ಮೂರು. ಕತಾರ್‌ನಲ್ಲಿ 2018ರ ತನಕ ಹೊರಗಿನ ಕೆಲಸಗಾರನಿಗೆ ದೇಶ ಬಿಡಲು ಮಾಲಕನ ಎಕ್ಸಿಟ್ ಪರ್ಮಿಟ್ ಬೇಕಿತ್ತು, ಆ ವರ್ಷ ಹೆಚ್ಚಿನವರಿಗೆ ಅದನ್ನು ತೆಗೆದರು. ಇಲ್ಲಿ ನಮಗೆ ಪರ್ಮಿಟ್ ಬೇಡ, ಘಟ್ಟ ಇಳಿದರೆ ಮನೆ. ಆದರೂ ಗಲ್ಫಿನ ತಮ್ಮನಷ್ಟೇ ಅಪರೂಪಕ್ಕೆ ಬರುವ ಉಸ್ತಾದರು ನಮ್ಮಲ್ಲಿ ಇದ್ದಾರೆ ಅಂದರೆ ಯಾರೂ ನಂಬುವುದಿಲ್ಲ. ಅಂಗಡಿಯ ಹುಡುಗನಿಗೂ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರಕ್ಕೊಂದು ದಿನ ರಜೆ ಇದೆ, ಇಪ್ಪತ್ತು ದಿನ ದುಡಿದರೆ ಒಂದು ದಿನದ ಸಂಬಳದ ರಜೆ ಲೆಕ್ಕಕ್ಕೆ ಸೇರುತ್ತದೆ. ಕೊಡುತ್ತಾರೋ ಇಲ್ಲವೋ, ಕೇಳಲಿಕ್ಕೆ ಒಂದು ಪುಸ್ತಕ ಇದೆ. ನಮಗೆ ಕಮಿಟಿಯ ಮಿನಿಟ್ಸ್ ಪುಸ್ತಕ ಮಾತ್ರ, ಅದರಲ್ಲಿ ನಮ್ಮನ್ನು ನೇಮಿಸಿದ ಸಾಲು ಇರುತ್ತದೆ, ರಜೆಯ ಸಾಲು ನಾವು ಈ ತನಕ ಎಲ್ಲೂ ನೋಡಿಲ್ಲ.

ಹಾಗಾದರೆ ನಮ್ಮ ಕಿತಾಬುಗಳಲ್ಲಿ ಇದರ ಬಗ್ಗೆ ಏನೂ ಇಲ್ಲವೇ? ಇದೆ, ಧಾರಾಳ ಇದೆ. ಇಮಾಮ್ ಸುಯೂತಿಯವರು ತೀರಿಕೊಂಡು ಐದು ನೂರು ವರ್ಷ ದಾಟಿತು. ಅವರ ಅಶ್ಬಾಹ್ ಎಂಬ ಗ್ರಂಥದಲ್ಲಿ, ವಾಡಿಕೆಗೆ ತೀರ್ಪಿನ ಬೆಲೆ ಇದೆ ಎಂಬ ನಿಯಮದ ಕೆಳಗೆ, ಮದ್ರಸಗಳ ರಜೆಯ ಚರ್ಚೆ ಬರುತ್ತದೆ. ಹನಫಿಗಳ ಇಬ್ನು ನುಜೈಮರೂ ಅದೇ ಹೆಸರಿನ ತಮ್ಮ ಗ್ರಂಥದಲ್ಲಿ ಅದೇ ಜಾಗದಲ್ಲಿ ಅದನ್ನೇ ಚರ್ಚಿಸುತ್ತಾರೆ. ಪಾಠ ಇಲ್ಲದ ದಿನಗಳಲ್ಲಿ ಉಸ್ತಾದನಿಗೆ ವಕ್ಫ್‌ನ ವೇತನ ಸಲ್ಲುತ್ತದೆಯೇ ಎಂಬುದು ಪ್ರಶ್ನೆ. ಅಂದರೆ ಕೈರೋದ ಮದ್ರಸಗಳಲ್ಲಿ ಆ ಕಾಲಕ್ಕೇ ರಜೆ ಇತ್ತು, ಅದರ ಸಂಬಳದ ತಕರಾರೂ ಇತ್ತು. ಶಾಫಿಈ ಒಬ್ಬರು, ಹನಫಿ ಒಬ್ಬರು, ಇಬ್ಬರಿಗೂ ಅದು ಬರೆಯಬೇಕಾದ ವಿಷಯವಾಗಿ ಕಂಡಿದೆ.

ಉಮರ್ (ರ) ಅವರ ಕಥೆ ಜುಮಾ ಭಾಷಣಗಳಲ್ಲಿ ನಾವೇ ಹೇಳುತ್ತೇವೆ. ರಾತ್ರಿ ಗಸ್ತು ಹೋಗುವಾಗ ಒಬ್ಬ ಹೆಂಗಸು ಯುದ್ಧಕ್ಕೆ ಹೋದ ಗಂಡನನ್ನು ನೆನೆದು ಹಾಡುವುದು ಕೇಳಿಸಿತು, ಮಗಳು ಹಫ್ಸಾರ ಹತ್ತಿರ ಹೋಗಿ ಹೆಂಗಸು ಗಂಡನಿಲ್ಲದೆ ಎಷ್ಟು ಸಮಯ ತಾಳಿಕೊಳ್ಳಬಹುದು ಅಂತ ಕೇಳಿದರು. ನಾಲ್ಕು ತಿಂಗಳು ಅಂತ ಕೆಲವು ವರದಿ, ಆರು ಅಂತ ಕೆಲವು. ಸೈನಿಕರನ್ನು ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ ಅಂತ ಆಜ್ಞೆ ಹೋಯಿತು. ಈ ಕಥೆ ಹೇಳಿ ಮಿಂಬರ್ ಇಳಿದು ನಮ್ಮ ಕೋಣೆಗೆ ಹೋಗಿ ಒಬ್ಬರೇ ಊಟ ಮಾಡುತ್ತೇವೆ.

ಆದರೆ ನಮಗೆ ಹೆಚ್ಚು ನಾಟಿದ್ದು ಮಾಲಿಕ್ ಬಿನ್ ಹುವೈರಿಸ್ (ರ) ಅವರ ಹದೀಸ್. ಬುಖಾರಿಯಲ್ಲಿದೆ, ಎಲ್ಲ ಉಸ್ತಾದರೂ ಓದಿರುತ್ತಾರೆ, ಆದರೆ ಬಾಂಗ್ ಮತ್ತು ಇಮಾಮತ್‌ನ ಮಸ್‌ಅಲಕ್ಕಾಗಿ ಓದಿರುತ್ತಾರೆ. ಅವರು, ಜೊತೆಗೆ ಅವರ ವಯಸ್ಸಿನ ಕೆಲವು ಯುವಕರು, ಪ್ರವಾದಿ (ಸ) ಅವರ ಹತ್ತಿರ ಕಲಿಯಲು ಬಂದು ಇಪ್ಪತ್ತು ರಾತ್ರಿ ಇದ್ದರು. ಇವರಿಗೆ ಮನೆಯ ನೆನಪಾಗಿದೆ ಅಂತ ಪ್ರವಾದಿಯವರಿಗೇ ಅನ್ನಿಸಿತು. ಮನೆಯಲ್ಲಿ ಯಾರನ್ನೆಲ್ಲ ಬಿಟ್ಟು ಬಂದಿದ್ದೀರಿ ಅಂತ ವಿಚಾರಿಸಿದರು, ಮನೆಗೆ ಹೋಗಿ ಅಂತ ಹೇಳಿದರು. ಅವರು ರಜೆ ಕೇಳಿರಲಿಲ್ಲ ಎಂಬುದನ್ನು ಗಮನಿಸಿ. ಕಲಿಯಲು ಮದೀನಕ್ಕಿಂತ ದೊಡ್ಡ ಮದ್ರಸ ಯಾವುದಿದೆ, ಪ್ರವಾದಿಗಿಂತ ದೊಡ್ಡ ಉಸ್ತಾದ್ ಯಾರಿದ್ದಾರೆ? ಆದರೂ ಇಪ್ಪತ್ತು ರಾತ್ರಿಗೆ ಮನೆಯ ನೆನಪಾಗುವುದು ತಪ್ಪು ಅಂತ ಯಾರೂ ಹೇಳಲಿಲ್ಲ.

ನಾವು ಬಾಗೂರು ಕಡೆಗೆ ಬಂದದ್ದು ಲಾಕ್‌ಡೌನ್ ಕಳೆದ ಮೇಲೆ. ತೆಂಗಿನ ಸೀಮೆ. ಹೇಮಾವತಿ ನಾಲೆ ಇಲ್ಲಿಂದ ನವಿಲೆಯ ತನಕ ಸುಮಾರು ಹತ್ತು ಕಿಲೋಮೀಟರ್ ನೆಲದಡಿಯ ಸುರಂಗದಲ್ಲಿ ಹೋಗುತ್ತದೆ, ತುಮಕೂರು ಕಡೆಯ ನೀರು ಅದು. ನಮ್ಮದು ಮೂವತ್ತು ಮನೆಗಳೂ ಇಲ್ಲದ ಸಣ್ಣ ಜಮಾಅತ್. ಹೆಚ್ಚಿನವರು ಉರ್ದು ಮಾತಾಡುವ ಹನಫಿಗಳು, ಕೊಬ್ಬರಿ ವ್ಯಾಪಾರ, ಆಟೊ, ಗಾರೆ ಕೆಲಸ. ಇಲ್ಲಿ ನಮ್ಮನ್ನು ಉಸ್ತಾದ್ ಅನ್ನುವುದಿಲ್ಲ, ಹಜ್ರತ್ ಅನ್ನುತ್ತಾರೆ. ಬ್ಯಾರಿ ಉಸ್ತಾದ್ ಅಂತ ಮೊದಲು ಸ್ವಲ್ಪ ಅನುಮಾನ ಇತ್ತು, ನಮ್ಮ ಉರ್ದು ಕೇಳಿ ಮಕ್ಕಳು ನಗುತ್ತಿದ್ದರು. ಈಗ ನಮ್ಮ ಉರ್ದುವೂ ಸುಧಾರಿಸಿದೆ, ಅವರ ನಗುವೂ ಕಡಿಮೆಯಾಗಿದೆ.

ಇಲ್ಲಿ ಬದಲಿಯ ಕಷ್ಟ ಬೇರೆ ನಮೂನೆಯದ್ದು. ಮೊದಲ ವರ್ಷ ಮೂರು ದಿನಕ್ಕೆ ಊರ ಕಡೆಯ ದರ್ಸ್‌ನ ಒಬ್ಬ ಮುತಅಲ್ಲಿಮನ್ನು ತರಿಸಿದ್ದೆವು. ಒಳ್ಳೆಯ ಹುಡುಗ, ಒಳ್ಳೆಯ ಕಿರಾಅತ್. ಅಭ್ಯಾಸಬಲದಿಂದ ಸುಬಹಿಯಲ್ಲಿ ಖುನೂತ್ ಓದಿದ. ಹಿಂದೆ ನಿಂತವರಲ್ಲಿ ಅರ್ಧ ಜನ ಸುಜೂದಿಗೆ ಹೋದರು, ಅರ್ಧ ಜನ ನಿಂತು ನೋಡಿದರು. ಅಸರ್ ಇನ್ನೂ ದೊಡ್ಡದಾಯಿತು. ನಮ್ಮ ಶಾಫಿಈ ಲೆಕ್ಕದಲ್ಲಿ ನೆರಳು ಒಂದು ಪಾಲಾದರೆ ಅಸರ್, ಹನಫಿಗಳಿಗೆ ಎರಡು ಪಾಲಾಗಬೇಕು. ಹುಡುಗ ಒಂದು ಗಂಟೆ ಮೊದಲೇ ಬಾಂಗ್ ಕೊಟ್ಟುಬಿಟ್ಟ. ಆಟೊ ಸ್ಟ್ಯಾಂಡಿನಿಂದ ಜನ ಓಡಿ ಬಂದು ಏನಾಯಿತು ಅಂತ ಕೇಳಿದರಂತೆ. ನಾವು ವಾಪಸು ಬಂದಾಗ ಯಾರೂ ಬೈಯಲಿಲ್ಲ. "ಹಜ್ರತ್, ಮುಂದಿನ ಸಲ ಗಡಿಯಾರ ನೋಡುವವರನ್ನು ಕಳಿಸಿ" ಅಂದರು ಅಷ್ಟೇ.

ಅಲ್ಲಿಂದ ನಾವು ಬೇರೆ ದಾರಿ ಹಿಡಿದೆವು. ಮಾಲಿಕ್ ಬಿನ್ ಹುವೈರಿಸರ ಹದೀಸಿನ ಕೊನೆಯ ಭಾಗದಲ್ಲಿ ಇದೆ, ನಮಾಝ್‌ನ ಹೊತ್ತಾದರೆ ನಿಮ್ಮಲ್ಲೊಬ್ಬ ಬಾಂಗ್ ಕೊಡಲಿ, ಹಿರಿಯವನು ಇಮಾಮತ್ ನಿಲ್ಲಲಿ ಎಂಬುದು. ಊರಿನವರೇ ನಿಲ್ಲಬೇಕು. ಕೊಬ್ಬರಿ ಅಂಗಡಿಯ ಒಬ್ಬ ಯುವಕನಿಗೆ, ಗಾರೆ ಕೆಲಸದ ಇನ್ನೊಬ್ಬನಿಗೆ ದಿನಾ ಇಶಾ ಆದ ಮೇಲೆ ಅರ್ಧ ಗಂಟೆ ಕೂರಿಸಿ ಚಿಕ್ಕ ಸೂರತ್‌ಗಳ ತಜ್ವೀದ್ ತಿದ್ದಿದೆವು. ಅಲ್‌ಹಮ್ದಿನ ಲ್ವಾದ್ ಅಕ್ಷರಕ್ಕೇ ಒಂದು ತಿಂಗಳು ಹೋಯಿತು. ಸಜ್ದಾ ಸಹ್ವ್ ಎಲ್ಲಿ, ಮುಂದಿನವನ ವುಳೂ ಮುರಿದರೆ ಏನು ಮಾಡಬೇಕು ಅಂತ ಕಲಿಸಿದೆವು. ಎಂಟು ತಿಂಗಳು ಹಿಡಿಯಿತು. ಮೊದಲ ದಿನ ಕೊಬ್ಬರಿ ಅಂಗಡಿಯವನು ಮಗ್ರಿಬ್‌ಗೆ ಮುಂದೆ ನಿಂತಾಗ ನಾವು ಬೇಕೆಂದೇ ಹಿಂದಿನ ಸಾಲಲ್ಲಿ ನಿಂತೆವು. ಅವನ ಕಾಲು ನಡುಗುವುದು ಅಲ್ಲಿಗೇ ಕಾಣುತ್ತಿತ್ತು.

ಇದನ್ನು ಜೊತೆಯ ಉಸ್ತಾದರಿಗೆ ಹೇಳಿದಾಗ ಎಲ್ಲರೂ ಸಂತೋಷ ಪಡಲಿಲ್ಲ. ಒಬ್ಬರು ನೇರ ಕೇಳಿದರು, "ನೀವಿಲ್ಲದೆ ನಡೆಯುತ್ತದೆ ಅಂತಾದರೆ ಆಮೇಲೆ ನೀವು ಯಾಕೆ?" ಈ ಭಯ ನಮ್ಮಲ್ಲಿ ಬಹಳ ಜನರಿಗಿದೆ, ಬಾಯಿ ಬಿಟ್ಟು ಹೇಳುವವರು ಕಡಿಮೆ. ಕಮಿಟಿಯವರ ಮೇಲೆ ಮಾತ್ರ ತಪ್ಪು ಹೊರಿಸಿದರೆ ಅದು ನ್ಯಾಯ ಆಗುವುದಿಲ್ಲ. ನಾವಿಲ್ಲದಿದ್ದರೆ ಮಸೀದಿಯಲ್ಲಿ ಒಂದು ಹೊತ್ತೂ ನಡೆಯಬಾರದು ಅಂತ ನಾವೇ ಒಳಗೊಳಗೆ ಇಟ್ಟುಕೊಂಡು, ಮತ್ತೆ ರಜೆ ಸಿಗುವುದಿಲ್ಲ ಅಂತ ದೂರುತ್ತೇವೆ. ನಮ್ಮ ಶಾಫಿಈ ಫಿಕ್‌ಹ್‌ನಲ್ಲಿ ಒಂದು ಮಸ್‌ಅಲ ಇದೆ. ಜುಮಾಕ್ಕೆ ಬೇಕಾದ ನಲವತ್ತು ಜನ ಆ ಊರಲ್ಲೇ ಬೇರೂರಿದವರಾಗಿರಬೇಕು. ಕೆಲಸಕ್ಕಾಗಿ ಬಂದು ಮುಂದೆ ತನ್ನೂರಿಗೆ ಹೋಗುವ ಉದ್ದೇಶದಲ್ಲಿ ಇರುವವನಿಗೆ ಜುಮಾ ಕಡ್ಡಾಯ, ಆದರೆ ನಲವತ್ತರ ಲೆಕ್ಕಕ್ಕೆ ಅವನು ಸೇರುವುದಿಲ್ಲ. ಅಂದರೆ ಖುತ್ಬಾ ಓದುವ ನಾವೇ ಆ ಊರಿನ ಲೆಕ್ಕದಲ್ಲಿ ಇಲ್ಲ. ಕಲಿಯುವಾಗ ಇದು ಬರೀ ಪಾಠ ಆಗಿತ್ತು. ಬೇರೆ ಊರಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಓದಿದರೆ ಬೇರೆ ಥರ ಕೇಳಿಸುತ್ತದೆ.

ಕಮಿಟಿಯ ಕಷ್ಟವೂ ನಮಗೆ ಗೊತ್ತು. ಮೂವತ್ತು ಮನೆಗಳ ಚಂದಾದಲ್ಲಿ ಒಬ್ಬರ ಸಂಬಳ ಹೊಂದಿಸುವುದೇ ಪ್ರಯಾಸ, ಇಬ್ಬರನ್ನು ಇಡಿ ಅಂತ ಹೇಳುವುದು ಸುಲಭ. ಬದಲಿಗೆ ಬರುವವರಿಗೆ ಬಸ್ ಚಾರ್ಜು, ಕೈಗೆ ಏನಾದರೂ ಕೊಡಬೇಕು. ಎಷ್ಟೋ ಕಡೆ ಅದನ್ನು ರಜೆ ಹೋಗುವ ಉಸ್ತಾದರೇ ಕೈಯಿಂದ ಕೊಡುತ್ತಾರೆ. ಹತ್ತಿರ ಹತ್ತಿರದ ನಾಲ್ಕು ಜಮಾಅತ್‌ಗಳು ಸೇರಿ ಒಬ್ಬ ಬದಲಿ ಉಸ್ತಾದರನ್ನು ಇಟ್ಟುಕೊಂಡರೆ, ತಿಂಗಳಲ್ಲಿ ಒಂದೊಂದು ವಾರ ಒಂದೊಂದು ಕಡೆ ಹೋಗುವ ಹಾಗೆ ಮಾಡಿದರೆ, ಖರ್ಚು ನಾಲ್ಕು ಪಾಲಾಗುತ್ತದೆ. ಮದ್ರಸಗಳ ರೇಂಜ್ ವ್ಯವಸ್ಥೆ ಇರುವ ಕಡೆ ಇದು ದೊಡ್ಡ ಕೆಲಸವೇ ಅಲ್ಲ, ರೇಂಜ್ ಸಭೆಯಲ್ಲಿ ಪರೀಕ್ಷೆ, ಸ್ಪರ್ಧೆಗಳ ಜೊತೆ ಇದನ್ನೂ ಒಂದು ಸಲ ಎತ್ತಬಹುದು. ನಾವು ಒಂದೆರಡು ಕಡೆ ಹೇಳಿ ನೋಡಿದ್ದೇವೆ. ಒಳ್ಳೆಯ ಅಭಿಪ್ರಾಯ ಅಂದರು, ಮುಂದಿನ ವಿಷಯಕ್ಕೆ ಹೋದರ‌ು.

ಈಗ ನಮ್ಮ ಏರ್ಪಾಡು ಹೀಗಿದೆ. ತಿಂಗಳಲ್ಲೊಂದು ಶುಕ್ರವಾರ ಜುಮಾ ಮುಗಿಸಿ ಎರಡು ಗಂಟೆಗೆ ಹೊರಡುತ್ತೇವೆ. ಶನಿವಾರ, ಭಾನುವಾರದ ವಕ್ತ್ ನಮಾಝ್ ಊರಿನ ಆ ಇಬ್ಬರು ನೋಡಿಕೊಳ್ಳುತ್ತಾರೆ, ಮದ್ರಸದ ಸಣ್ಣ ಮಕ್ಕಳನ್ನು ನಮ್ಮ ಹಳೆಯ ವಿದ್ಯಾರ್ಥಿನಿ, ಈಗ ಪಿಯುಸಿ ಓದುವವಳು, ಕೂರಿಸುತ್ತಾಳೆ. ಭಾನುವಾರ ರಾತ್ರಿ ಬಸ್ ಹಿಡಿದು ಸೋಮವಾರ ಸುಬಹಿಗೆ ಮೊದಲು ಚನ್ನರಾಯಪಟ್ಟಣ. ಅಲ್ಲಿಂದ ಆ ಹೊತ್ತಿಗೆ ಬಸ್ಸಿಲ್ಲ, ಕೊಬ್ಬರಿ ಅಂಗಡಿಯವನು ಬೈಕ್ ತರುತ್ತಾನೆ. ಎರಡು ರಾತ್ರಿ ಮನೆ. ದೊಡ್ಡ ರಜೆಗೆ, ಅಂದರೆ ಒಂದು ಜುಮಾ ತಪ್ಪುವ ಹಾಗಿದ್ದರೆ, ಇನ್ನೂ ಹೊರಗಿನವರೇ ಬೇಕು.

ಮುಂದಿನ ತಿಂಗಳು ದೊಡ್ಡ ಮಗನ ಕಾಲೇಜು ಅಡ್ಮಿಷನ್, ಒಂದು ವಾರ ಬೇಕು ಅಂತ ಕೇಳಿದ್ದೇವೆ. ಈ ಸಲ ಕಾರಣ ಪೂರ್ತಿ ಹೇಳಿಯೇ ಕೇಳಿದೆವು. ಕಮಿಟಿ ಒಪ್ಪಿದೆ. ಬದಲಿಗೆ ಬರುವುದು ಅದೇ ಮುತಅಲ್ಲಿಂ ಹುಡುಗ, ಈಗ ಅವನು ಸನದು ಪಡೆದು ಮೌಲವಿಯಾಗಿದ್ದಾನೆ. ಅಸರ್ ಬಾಂಗಿನ ಸಮಯವನ್ನು ದಪ್ಪ ಅಕ್ಷರದಲ್ಲಿ ಬರೆದು ಮೈಕಿನ ಸ್ವಿಚ್‌ನ ಮೇಲೆ ಅಂಟಿಸಿದ್ದೇವೆ.